ಶೆಲ್ಟನ್ ಲಾರೆಲ್‌ನ ಹದಿಮೂರು ಮಂದಿ: ವಕೀಲ ಗವರ್ನರ್ ಮುಂದೆ ಬಂದ ಒಂದು ಕೊಲೆ ಪ್ರಕರಣ

1863ರ ಫೆಬ್ರುವರಿ 24ರ ದಿನಾಂಕ ಹೊತ್ತ ಒಂದು ಪತ್ರ ಅಮೆರಿಕದ ನಾರ್ತ್ ಕ್ಯಾರೊಲೈನಾ ರಾಜ್ಯದ ಗವರ್ನರ್ ಕೈ ಸೇರಿತು. ಬರೆದವನು ಆ ರಾಜ್ಯದ ಪಶ್ಚಿಮ ಭಾಗದ ಸರ್ಕಾರಿ ವಕೀಲ ಆಗಸ್ಟಸ್ ಮೆರಿಮನ್. ಅದರಲ್ಲಿ ಸತ್ತವರ ಪಟ್ಟಿಯಿತ್ತು. ಮುದುಕ ಜಿಮ್ ಶೆಲ್ಟನ್, ಸುಮಾರು 56 ವರ್ಷ. ಕಿರಿಯ ಜೇಮ್ಸ್ ಶೆಲ್ಟನ್, 17. ಮತ್ತೊಬ್ಬ ಶೆಲ್ಟನ್ ಹುಡುಗ, 14. ಡೇವಿಡ್ ಶೆಲ್ಟನ್, 13. ಇನ್ನೊಬ್ಬ ಡೇವಿಡ್ ಶೆಲ್ಟನ್, ‘ಸ್ಟಾಬ್ ರಾಡ್’ ಎಂಬ ಅಡ್ಡಹೆಸರಿನವನ ಸಹೋದರ. ಒಂದೇ ಮನೆತನ ಒಂದೇ ಕಣಿವೆಯಲ್ಲಿ ತಲೆಮಾರುಗಟ್ಟಲೆ ಬಾಳಿದರೆ ಹೆಸರುಗಳು ಹೀಗೆ ಮರುಕಳಿಸುತ್ತವೆ. ನಮ್ಮ ಹಳ್ಳಿಗಳಲ್ಲಿ ದೊಡ್ಡ ನಿಂಗಪ್ಪ, ಸಣ್ಣ ನಿಂಗಪ್ಪ, ಮೇಲಿನಮನೆ ನಿಂಗಪ್ಪ ಎಂದು ಗುರುತು ಹಿಡಿಯುವ ಹಾಗೆ ಮೆರಿಮನ್ ಒಬ್ಬೊಬ್ಬರನ್ನೂ ಗುರುತು ಹಿಡಿದು, ವಯಸ್ಸು ಕೇಳಿ, ಹತ್ತಿರದ ಪಟ್ಟಣದಲ್ಲಿ ನಡೆದಿದ್ದ ಲೂಟಿಯಲ್ಲಿ ಇದ್ದನೋ ಇಲ್ಲವೋ ವಿಚಾರಿಸಿ ಬರೆದಿದ್ದ. ಒಟ್ಟು ಹದಿಮೂರು ಹೆಸರು. ಎಲ್ಲರೂ ಸೆರೆ ಸಿಕ್ಕವರು. ಯಾವ ವಿಚಾರಣೆಯೂ ಇಲ್ಲದೆ ಗುಂಡಿಗೆ ಬಲಿಯಾದವರು. ಕೊಂದವರು ಆ ಗವರ್ನರ್ ತನ್ನವರೆಂದು ಭಾವಿಸಿದ್ದ ಸೈನಿಕರು.

ಆ ಗವರ್ನರ್ ಜೆಬ್ಯುಲನ್ ಬೇರ್ಡ್ ವ್ಯಾನ್ಸ್. ಅವನಿಗಾಗ 32 ವರ್ಷ.

ಅಮೆರಿಕದ ಅಂತರ್ಯುದ್ಧದ ಕಾಲದ ದಕ್ಷಿಣದ ರಾಜಕಾರಣಿಗಳ ಬದುಕನ್ನು ಸಾಮಾನ್ಯವಾಗಿ ಅವರ ಭಾಷಣ, ಕದನ, ಚುನಾವಣೆಗಳಿಂದ ಅಳೆಯುತ್ತಾರೆ. ವ್ಯಾನ್ಸ್‌ನಿಗೆ ಈ ಮೂರರಲ್ಲೂ ಕೊರತೆಯಿರಲಿಲ್ಲ. ಆದರೆ ವಕೀಲ, ಸೈನಿಕ, ರಾಜಕಾರಣಿ ಎಂಬ ಅವನ ಮೂರು ಪಾತ್ರಗಳು ಒಂದಕ್ಕೊಂದು ಎದುರಾದದ್ದು ಈ ಒಂದು ಪ್ರಕರಣದಲ್ಲಿ. ಅದಕ್ಕಾಗಿಯೇ ಇದನ್ನು ಬಿಡಿಸಿ ನೋಡುತ್ತಿದ್ದೇನೆ.

ಬೆಟ್ಟದ ಸೀಮೆಯ ಹುಡುಗ

ವ್ಯಾನ್ಸ್ ಹುಟ್ಟಿದ್ದು 1830ರ ಮೇ 13ರಂದು, ಬನ್‌ಕಂಬ್ ಕೌಂಟಿಯ ರೀಮ್ಸ್ ಕ್ರೀಕ್ ಎಂಬಲ್ಲಿ. ಅಪ್ಪಲೇಚಿಯನ್ ಬೆಟ್ಟಗಳ ಮಡಿಲಿನ ಸೀಮೆ ಅದು. ಹದಿಹರೆಯಕ್ಕೆ ಕಾಲಿಡುವಾಗಲೇ ತಂದೆ ತೀರಿಕೊಂಡ. ಹುಡುಗ ವಾರ್ಮ್ ಸ್ಪ್ರಿಂಗ್ಸ್‌ನ ಬಿಸಿನೀರಿನ ಬುಗ್ಗೆಗಳ ಬಳಿಯ ಹೋಟೆಲಿನಲ್ಲಿ ಗುಮಾಸ್ತನಾದ. ಆ ಜಾಗ ಇಂದಿನ ಮ್ಯಾಡಿಸನ್ ಕೌಂಟಿಯಲ್ಲಿದೆ; ಶೆಲ್ಟನ್ ಲಾರೆಲ್ ಕಣಿವೆಯಿರುವುದೂ ಅದೇ ಕೌಂಟಿಯಲ್ಲಿ. ಮುಂದೆ ರಾಜ್ಯ ವಿಶ್ವವಿದ್ಯಾಲಯದ ಅಧ್ಯಕ್ಷ ಡೇವಿಡ್ ಸ್ವೇನ್‌ಗೆ ಪತ್ರ ಬರೆದು 300 ಡಾಲರ್ ಸಾಲ ಪಡೆದು ಕಾನೂನು ಓದಿದ. ಆಶ್‌ವಿಲ್‌ನಲ್ಲಿ ವಕೀಲಿ ಆರಂಭಿಸಿದ. 1854ರಲ್ಲಿ ರಾಜ್ಯ ಶಾಸನಸಭೆಗೆ, 1858ರಲ್ಲಿ ವಾಷಿಂಗ್ಟನ್‌ನ ಪ್ರತಿನಿಧಿ ಸಭೆಗೆ ಆಯ್ಕೆಯಾದ.

ದಕ್ಷಿಣದ ರಾಜ್ಯಗಳು ಅಮೆರಿಕದ ಒಕ್ಕೂಟದಿಂದ ಸಿಡಿದು ಹೋಗತೊಡಗಿದಾಗ ವ್ಯಾನ್ಸ್ ಅದರ ವಿರುದ್ಧ ಊರೂರು ಸುತ್ತಿ ಮಾತನಾಡಿದ. ಒಕ್ಕೂಟ ಉಳಿಯಲಿ ಎಂದು ಕೈ ಮೇಲೆತ್ತಿ ಬೇಡುತ್ತಿದ್ದ ಗಳಿಗೆಯಲ್ಲೇ ಯುದ್ಧಕ್ಕೆ ನಾಂದಿಯಾಗಿ ಸಮ್ಟರ್ ಕೋಟೆಯ ಮೇಲೆ ಗುಂಡು ಹಾರಿದ, ಅಧ್ಯಕ್ಷ ಲಿಂಕನ್ 75,000 ಸೈನಿಕರನ್ನು ಕರೆದ ತಂತಿ ಸುದ್ದಿ ಬಂತಂತೆ. ಎತ್ತಿದ ಕೈ ಕೆಳಗಿಳಿಯುವಾಗ ತಾನು ಪ್ರತ್ಯೇಕತಾವಾದಿಯಾಗಿದ್ದೆ ಎಂದು ಅವನೇ ಮುಂದೆ ಹೇಳಿಕೊಂಡಿದ್ದಾನೆ. ದಳ ಕಟ್ಟಿ ಕ್ಯಾಪ್ಟನ್ ಆದ, ಆಮೇಲೆ 26ನೇ ನಾರ್ತ್ ಕ್ಯಾರೊಲೈನಾ ರೆಜಿಮೆಂಟಿನ ಕರ್ನಲ್ ಆದ. ನ್ಯೂ ಬರ್ನ್ ಮತ್ತು ಮ್ಯಾಲ್ವರ್ನ್ ಹಿಲ್ ಕದನಗಳನ್ನು ಕಂಡ. 1862ರ ಆಗಸ್ಟ್‌ನಲ್ಲಿ ಭಾರಿ ಬಹುಮತದಿಂದ ಗವರ್ನರ್ ಆಗಿ ಆಯ್ಕೆಯಾಗಿ ಸೆಪ್ಟೆಂಬರ್‌ನಲ್ಲಿ ರಾಜಧಾನಿ ರಾಲಿಯಲ್ಲಿ ಅಧಿಕಾರ ವಹಿಸಿಕೊಂಡ.

ಅವನು ಎದೆಯಲ್ಲಿ ಬಚ್ಚಿಟ್ಟುಕೊಳ್ಳಬೇಕಾಗಿ ಬಂದ ಸಂಗತಿಯೊಂದಿತ್ತು. ಎರಡು ವರ್ಷಗಳ ಹಿಂದೆ ತಾನು ಆಡಿದ್ದ ಮಾತುಗಳನ್ನೇ ನಂಬಿ, ಅವುಗಳಿಗೆ ಅಂಟಿಕೊಂಡು ಉಳಿದವರು ಆ ಬೆಟ್ಟಗಳಲ್ಲಿ ಇನ್ನೂ ಇದ್ದರು. ಈಗ ಅವರು ರಾಜ್ಯದ ಲೆಕ್ಕದಲ್ಲಿ ದ್ರೋಹಿಗಳು.

ಉಪ್ಪು

ಶೆಲ್ಟನ್ ಲಾರೆಲ್ ಟೆನಿಸಿ ಗಡಿಗೆ ಅಂಟಿಕೊಂಡ ಇಕ್ಕಟ್ಟಾದ ಕಣಿವೆ. ಸಣ್ಣ ಹಿಡುವಳಿ, ಹಂದಿ, ಜೋಳ. ಗುಲಾಮರನ್ನು ಇಟ್ಟುಕೊಂಡ ದೊಡ್ಡ ಜಮೀನ್ದಾರರು ಅಲ್ಲಿರಲಿಲ್ಲ. 1862ರ ಏಪ್ರಿಲ್‌ನಲ್ಲಿ, ಸಿಡಿದು ಹೋದ ದಕ್ಷಿಣದ ರಾಜ್ಯಗಳ ಕಾನ್ಫೆಡರೇಟ್ ಸರ್ಕಾರ ಕಡ್ಡಾಯ ಸೈನ್ಯ ಸೇರ್ಪಡೆಯ ಕಾಯ್ದೆ ತಂದಿತು. ಅಕ್ಟೋಬರ್‌ನಲ್ಲಿ ತಿದ್ದುಪಡಿ ಮಾಡಿ, ಇಪ್ಪತ್ತು ಅಥವಾ ಹೆಚ್ಚು ಗುಲಾಮರಿರುವ ತೋಟಕ್ಕೆ ಒಬ್ಬ ಬಿಳಿಯನಂತೆ ವಿನಾಯಿತಿ ಕೊಟ್ಟಿತು. ಬೆಟ್ಟದ ಬಡ ರೈತನಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿರಲಿಲ್ಲ. ಒತ್ತಾಯಕ್ಕೆ ಸೈನ್ಯ ಸೇರಿದ ಹಲವರು ರಾತ್ರೋರಾತ್ರಿ ಕಾಡು ಹಿಡಿದು ಮನೆಗೆ ಮರಳಿದರು. ಅವರಲ್ಲಿ ಕೆಲವರು 64ನೇ ನಾರ್ತ್ ಕ್ಯಾರೊಲೈನಾ ರೆಜಿಮೆಂಟನ್ನೇ ಬಿಟ್ಟು ಬಂದವರು. ಈ ರೆಜಿಮೆಂಟಿನ ಕರ್ನಲ್ ಲಾರೆನ್ಸ್ ಆ್ಯಲನ್. ಅವನ ಮನೆ ಕೌಂಟಿ ಕೇಂದ್ರವಾದ ಮಾರ್ಷಲ್ ಪಟ್ಟಣದಲ್ಲಿತ್ತು. ಮುಂದೆ ಕೊಲ್ಲಲು ಬಂದವರೂ ಸತ್ತವರೂ ನೆರೆಹೊರೆಯವರೇ.

ಆ ಚಳಿಗಾಲದಲ್ಲಿ ಉಪ್ಪಿಗೆ ತತ್ವಾರವಾಯಿತು. ಉಪ್ಪು ಇಲ್ಲದಿದ್ದರೆ ಕಡಿದ ಹಂದಿಯ ಮಾಂಸ ಕೆಡುತ್ತದೆ. ಮಾಂಸ ಕೆಟ್ಟರೆ ವಸಂತದವರೆಗೆ ಮನೆಯಲ್ಲಿ ತಿನ್ನಲು ಏನೂ ಉಳಿಯುವುದಿಲ್ಲ. ದಾಸ್ತಾನು ಮಾರ್ಷಲ್‌ನಲ್ಲಿತ್ತು, ಆದರೆ ಒಕ್ಕೂಟದ ಪರ ಇದ್ದವರೆಂದು ಹೆಸರಾದ ಮನೆಗಳಿಗೆ ಸಿಗುತ್ತಿರಲಿಲ್ಲ. 1863ರ ಜನವರಿ ಆರಂಭದಲ್ಲಿ ಸುಮಾರು ಐವತ್ತು ಮಂದಿ ಕಣಿವೆಯಿಂದ ಇಳಿದು ಬಂದು ಮಾರ್ಷಲ್‌ಗೆ ನುಗ್ಗಿದರು. ಉಪ್ಪು ಹೊತ್ತರು; ಅಷ್ಟಕ್ಕೇ ನಿಲ್ಲಲಿಲ್ಲ. ಅಂಗಡಿಗಳನ್ನು ದೋಚಿದರು. ಒಬ್ಬ ಕ್ಯಾಪ್ಟನ್‌ನ ತೋಳಿಗೆ ಗುಂಡು ಬಿತ್ತು. ಕರ್ನಲ್ ಆ್ಯಲನ್‌ನ ಮನೆಗೂ ನುಗ್ಗಿದರು. ಒಳಗೆ ಅವನ ಮಕ್ಕಳು ಕೆಂಪುಜ್ವರದಿಂದ ಮಲಗಿದ್ದವು. ಅವುಗಳಲ್ಲಿ ಎರಡು ಅದೇ ದಿನಗಳಲ್ಲಿ ತೀರಿಕೊಂಡವು.

ಈ ಕೊನೆಯ ಸಂಗತಿಯನ್ನು ಮರೆಮಾಚಿ ಕತೆ ಹೇಳುವುದು ಸರಿಯಲ್ಲ. ಲಾರೆಲ್‌ನವರು ದೋಚಿದ್ದು ನಿಜ, ಆ್ಯಲನ್‌ನ ಸಂಕಟವೂ ನಿಜ. ಕಾನೂನು ಇರುವುದೇ ಇಂಥ ಸಂಕಟ ಬಂದೂಕು ಹಿಡಿದು ಹೊರಡದಂತೆ ತಡೆಯಲು. ಅಲ್ಲಿ ಅದು ನಡೆಯಲಿಲ್ಲ.

ಈ ಬೆಟ್ಟಗಳಿಗೆ ಕಳಿಸಿದ್ದ ಸೇನಾಧಿಕಾರಿ ಡಬ್ಲ್ಯು.ಜಿ.ಎಂ. ಡೇವಿಸ್‌ಗೆ ಪರಿಸ್ಥಿತಿ ಸ್ಪಷ್ಟವಾಗಿತ್ತು. ದಾಳಿ ನಡೆದದ್ದು ಉಪ್ಪಿಗಾಗಿ, ಬೆಟ್ಟಗಳಲ್ಲಿ ಉಪ್ಪಿಲ್ಲದೆ ಜನ ಬಹಳ ನರಳುತ್ತಿದ್ದಾರೆ, ಆ್ಯಲನ್‌ನ ರೆಜಿಮೆಂಟಿಗೂ ಲಾರೆಲ್‌ನವರಿಗೂ ಹಳೆಯ ಹಗೆಯಿದೆ ಎಂದು ಅವನು ವರದಿ ಮಾಡಿದ. ಹಗೆಯ ವಿಷಯ ಗೊತ್ತಿದ್ದೂ ಕಣಿವೆಯೊಳಗೆ ಹೋದದ್ದು ಅದೇ ರೆಜಿಮೆಂಟು. ಇಡೀ ಪ್ರಕರಣದಲ್ಲಿ ತಪ್ಪಿಸಬಹುದಾಗಿದ್ದ ತಪ್ಪು ಯಾವುದು ಎಂದು ಯಾರಾದರೂ ಕೇಳಿದರೆ ನಾನು ತೋರಿಸುವುದು ಇದನ್ನೇ.

ಹಿಮದ ಮೇಲೆ

ಕಣಿವೆಗೆ ಹೋದ ತುಕಡಿಯನ್ನು ನಡೆಸಿದವನು ಲೆಫ್ಟಿನೆಂಟ್ ಕರ್ನಲ್ ಜೇಮ್ಸ್ ಕೀತ್. ಗಂಡಸರು ಕಾಡಿನಲ್ಲಿ ಅಡಗಿದ್ದರು. ಅವರೆಲ್ಲಿ ಎಂದು ಬಾಯಿ ಬಿಡಿಸಲು ಹೆಂಗಸರನ್ನು ಹಿಡಿದರು. 85 ವರ್ಷದ ಮುದುಕಿಯನ್ನು ಥಳಿಸಿ, ಕುತ್ತಿಗೆಗೆ ಹಗ್ಗ ಹಾಕಿ ಸ್ವಲ್ಪ ಹೊತ್ತು ತೂಗುಹಾಕಿದರು. 70 ವರ್ಷದ ಇನ್ನೊಬ್ಬಳನ್ನು ಮೈಯಿಂದ ರಕ್ತ ಇಳಿಯುವವರೆಗೆ ಬೆತ್ತದಲ್ಲಿ ಹೊಡೆದರು. ಬುದ್ಧಿ ಬೆಳೆಯದ ಒಬ್ಬ ಹುಡುಗಿಯನ್ನು ಇಡೀ ದಿನ ಕುತ್ತಿಗೆಗೆ ಹಗ್ಗ ಬಿಗಿದು ಮರಕ್ಕೆ ಕಟ್ಟಿದ್ದರೆಂದು ಆ ಕಾಲದ ವರದಿ ಹೇಳುತ್ತದೆ.

ಕೊನೆಗೆ ಹದಿನೈದು ಮಂದಿ ಸಿಕ್ಕರು. ವಿಚಾರಣೆಗೆ ಟೆನಿಸಿಯ ನಾಕ್ಸ್‌ವಿಲ್‌ಗೆ ಕರೆದೊಯ್ಯುತ್ತೇವೆ ಎಂದು ಹೇಳಿ ನಡೆಸಿಕೊಂಡು ಹೊರಟರು. ಇಬ್ಬರು ದಾರಿಯಲ್ಲಿ ತಪ್ಪಿಸಿಕೊಂಡರು. ಉಳಿದ ಹದಿಮೂರು ಮಂದಿಯನ್ನು ಒಂದೆಡೆ ನಿಲ್ಲಿಸಿ, ಮೊದಲು ಐವರನ್ನು ಮಂಡಿಯೂರಿಸಿದರು. ಗುಂಡು ಹಾರಿಸಿ ಎಂಬ ಅಪ್ಪಣೆಗೆ ಸೈನಿಕರು ಹಿಂಜರಿದರು. ಹಾರಿಸದಿದ್ದರೆ ನೀವೇ ಅವರ ಜಾಗದಲ್ಲಿ ನಿಲ್ಲುತ್ತೀರಿ ಎಂದು ಕೀತ್ ಬೆದರಿಸಿದನಂತೆ. ಹಾರಿಸಿದರು.

ಹದಿಮೂರು ವರ್ಷದ ಡೇವಿಡ್ ತನ್ನವರು ಬೀಳುವುದನ್ನು ನೋಡಿದ. ಅವನ ಸರದಿ ಬಂದಾಗ ಗುಂಡು ಎರಡೂ ತೋಳುಗಳಿಗೆ ತಗುಲಿತು, ಸಾಯಲಿಲ್ಲ. ಅವನು ಅಧಿಕಾರಿಯ ಕಾಲು ಹಿಡಿದು ಬೇಡಿದ ಮಾತು ಅದೇ ವರ್ಷದ ಪತ್ರಿಕಾ ವರದಿಯಲ್ಲಿದೆ. ಅಪ್ಪನನ್ನೂ ಅಣ್ಣಂದಿರನ್ನೂ ಕೊಂದಿರಿ, ನನ್ನ ತೋಳುಗಳಿಗೂ ಹೊಡೆದಿರಿ, ಇದೆಲ್ಲವನ್ನೂ ಕ್ಷಮಿಸುತ್ತೇನೆ, ನಾನು ವಾಸಿಯಾಗುತ್ತೇನೆ, ಅಮ್ಮನ ಬಳಿಗೆ, ಅಕ್ಕತಂಗಿಯರ ಬಳಿಗೆ ಬಿಡಿ ಎಂಬುದು ಅದರ ಸಾರ. ಮತ್ತೆ ಎಳೆದೊಯ್ದು ಕೊಂದರು. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎಂಬ ಗಾದೆಯನ್ನು ಚಿಕ್ಕಂದಿನಿಂದ ಕೇಳಿದ್ದೇನೆ. ಈ ಹುಡುಗನ ಮಾತು ಓದಿದ ಮೇಲೆ ಆ ಗಾದೆ ನನಗೆ ಮೊದಲಿನಂತೆ ಕೇಳಿಸುತ್ತಿಲ್ಲ.

ಹೆಣಗಳನ್ನು ಆಳವಿಲ್ಲದ ಗುಂಡಿಯಲ್ಲಿ ಹೂತರು. ಹಂದಿಗಳು ಕೆದಕಿದ್ದವು. ಮನೆಯವರು ಬಂದು ಹೆಣಗಳನ್ನು ಎತ್ತಿಕೊಂಡು ಹೋಗಿ ಬೇರೆ ಗುಡ್ಡದ ಮೇಲೆ ಮಣ್ಣು ಮಾಡಿದರು.

ವಕೀಲ ಕೇಳಿದ ಪ್ರಶ್ನೆಗಳು

ಈಗ ರಾಲಿಯತ್ತ ಬರೋಣ. ದಾಳಿಯ ಸುದ್ದಿ ಬಂದಾಗ ವ್ಯಾನ್ಸ್ ಬರೆದ ಆದೇಶದಲ್ಲಿ ಎರಡು ದನಿಗಳಿವೆ. ಈ ದ್ರೋಹಿಗಳನ್ನು ಹತ್ತಿಕ್ಕುವವರೆಗೆ ಕೈ ಸಡಿಲಿಸಬೇಡಿ ಎಂದು ಡೇವಿಸ್‌ಗೆ ಹೇಳುತ್ತಾನೆ. ಅದರ ಬೆನ್ನಿಗೇ, ಉದ್ರಿಕ್ತರಾದ ನಮ್ಮ ಜನ ಈ ದಾರಿತಪ್ಪಿದವರ ಮೇಲೆ ಅತಿ ಕಠಿಣವಾಗಿ ನಡೆದುಕೊಳ್ಳದಂತೆ ನೋಡಿಕೊಳ್ಳಿ, ಸೆರೆ ಸಿಕ್ಕವರನ್ನು ವಿಚಾರಣೆಗೆ ಸಂಬಂಧಪಟ್ಟ ಅಧಿಕಾರಿಗಳಿಗೆ ಒಪ್ಪಿಸಿ ಎನ್ನುತ್ತಾನೆ. ಮೊದಲ ವಾಕ್ಯ ಯುದ್ಧ ನಡೆಸುತ್ತಿರುವ ಗವರ್ನರ್‌ನದು. ಎರಡನೆಯದು ಆ ಸೀಮೆಯಲ್ಲಿ ಬೆಳೆದ ವಕೀಲನದು. ದ್ವೇಷ ಎಷ್ಟು ಆಳಕ್ಕೆ ಇಳಿದಿದೆ ಎಂದು ಅವನಿಗೆ ತಿಳಿದಿತ್ತು. ಕಣಿವೆಗೆ ಹೋದವರಿಗೆ ಮೊದಲ ವಾಕ್ಯವಷ್ಟೇ ಕೇಳಿಸಿತೇನೋ ಎಂಬಂತೆ ಮುಂದಿನದು ನಡೆಯಿತು.

ಜನವರಿ 31ರಂದು ಮೆರಿಮನ್‌ನ ಮೊದಲ ಪತ್ರ ಬಂತು: ಕೈದಿಗಳನ್ನು ವಿಚಾರಣೆಯಿಲ್ಲದೆ ಕೊಂದಿದ್ದಾರೆಂದು ಕೇಳಿದೆ, ಸುಳ್ಳಾಗಿರಲಿ ಎಂದು ಆಶಿಸುತ್ತೇನೆ, ನಿಜವಾಗಿದ್ದರೆ ಅಪರಾಧಿಗಳಿಗೆ ಶಿಕ್ಷೆಯಾಗಬೇಕು. ವ್ಯಾನ್ಸ್ ತನಿಖೆಗೆ ಸೂಚಿಸಿದ. ಫೆಬ್ರುವರಿಯ ಪತ್ರಗಳಲ್ಲಿ ಉತ್ತರ ಬಂತು. ಹದಿಮೂವರು ಸತ್ತದ್ದು ನಿಜ. ಅವರಲ್ಲಿ ಎಂಟು ಮಂದಿ ಮಾರ್ಷಲ್ ದಾಳಿಯಲ್ಲಿ ಇರಲೇ ಇಲ್ಲವೆಂದು ನಂಬಲಾಗಿದೆ. ಆಜ್ಞೆ ಕೊಟ್ಟವನು ಕೀತ್. ಮೇಲಿನಿಂದ ತನಗೆ ಅಪ್ಪಣೆಯಿತ್ತು ಎಂದು ಅವನು ಹೇಳುತ್ತಿದ್ದಾನೆ. ಮೆರಿಮನ್‌ನ ಕಾನೂನು ಅಭಿಪ್ರಾಯ ಸುತ್ತುಬಳಸಿನದಲ್ಲ: ಇದು ಕೊಲೆ.

ಫೆಬ್ರುವರಿ 28ರಂದು ವ್ಯಾನ್ಸ್ ಕಾನ್ಫೆಡರೇಟ್ ಯುದ್ಧ ಕಾರ್ಯದರ್ಶಿ ಜೇಮ್ಸ್ ಸೆಡನ್‌ಗೆ ಬರೆದ. ಈ ಅಧಿಕಾರಿಯ ಮೇಲೆ ಕೂಡಲೇ ಕ್ರಮ ಜರುಗಿಸಿ. ಕೇಳಿದ್ದರಲ್ಲಿ ಅರ್ಧ ನಿಜವಾದರೂ ಅವನು ಸೇನೆಗೂ ನಾರ್ತ್ ಕ್ಯಾರೊಲೈನಾಗೂ ಕಳಂಕ. ತನ್ನದೇ ಕಡೆಯ ಸೇನೆಯ ಅಧಿಕಾರಿಯ ಮೇಲೆ, ಯುದ್ಧ ಕಾವೇರಿದ್ದ ಹೊತ್ತಿನಲ್ಲಿ, ಸತ್ತವರು ದ್ರೋಹಿಗಳೆನಿಸಿಕೊಂಡವರು ಎಂದು ಗೊತ್ತಿದ್ದೂ ಇಷ್ಟು ನೇರವಾಗಿ ಬರೆದದ್ದನ್ನು ನಾನು ಸಣ್ಣ ಸಂಗತಿ ಎಂದುಕೊಳ್ಳುವುದಿಲ್ಲ.

ಆದರೆ ಅವನ ಅಧಿಕಾರದ ಗಡಿ ಅಲ್ಲಿಗೆ ಮುಗಿಯುತ್ತಿತ್ತು. 64ನೇ ರೆಜಿಮೆಂಟು ಕಾನ್ಫೆಡರೇಟ್ ಸೇನೆಯದು. ಅದರ ಮೇಲಿದ್ದವನು ನಾಕ್ಸ್‌ವಿಲ್‌ನಲ್ಲಿದ್ದ ಜನರಲ್ ಹೆನ್ರಿ ಹೀತ್. ಕೈದಿಗಳ ಗೊಡವೆಯೇ ಬೇಡ ಎಂಬ ಅರ್ಥದ ಮಾತನ್ನು ಹೀತ್ ಆಡಿದ್ದಾನೆಂದು ಕೀತ್ ಪಟ್ಟು ಹಿಡಿದ, ಸಾಕ್ಷಿಯನ್ನೂ ತಂದ. ಹೀತ್‌ನ ಉತ್ತರ ಹೀಗಿತ್ತು: ಕಾದಾಟ ನಡೆದರೆ ಕೈದಿಗಳನ್ನು ಹಿಡಿಯಬೇಡಿ ಎಂದದ್ದುಂಟು, ಹಿಡಿದ ಕೈದಿಗಳನ್ನು ಕೊಲ್ಲಿ ಎಂದಿರಲಿಲ್ಲ. ಈ ಎರಡು ವಾಕ್ಯಗಳ ನಡುವಿನ ಅಂತರ ಕಾಗದದ ಮೇಲೆ ಬಹಳ ದೊಡ್ಡದು. ಹಿಮದಲ್ಲಿ ಬಂದೂಕು ಹಿಡಿದು ನಿಂತವನಿಗೆ ಅದು ಎಷ್ಟು ಕಾಣಿಸುತ್ತದೆ? ಬಾಯಿಮಾತಿನ ಆದೇಶದ ಅಪಾಯ ಇದು. ಮೇಲಿನವನು ತಾನು ಹಾಗೆ ಹೇಳಿಲ್ಲ ಎನ್ನುತ್ತಾನೆ, ಕೆಳಗಿನವನು ತನಗೆ ಹಾಗೆ ಕೇಳಿಸಿತು ಎನ್ನುತ್ತಾನೆ, ಹೊಣೆ ಇಬ್ಬರ ನಡುವೆ ಎಲ್ಲೋ ಬಿದ್ದುಹೋಗುತ್ತದೆ.

ಮೇ ತಿಂಗಳಲ್ಲಿ ಕೀತ್‌ನ ರಾಜೀನಾಮೆ ಅಂಗೀಕಾರವಾಯಿತು. ಅಷ್ಟೇ. ವ್ಯಾನ್ಸ್ ಮತ್ತೆ ಬರೆದು ಪ್ರತಿಭಟಿಸಿದ. ಸೆಡನ್ ಕಡತದಲ್ಲಿದ್ದ ಹೇಳಿಕೆಗಳನ್ನು ತಿಳಿಸಿ ಸುಮ್ಮನಾದ. ಹೀತ್‌ಗೆ ಭಂಗವೇನೂ ಬರಲಿಲ್ಲ. ಆ ಜುಲೈನಲ್ಲಿ ಗೆಟಿಸ್‌ಬರ್ಗ್ ಕದನ ಆರಂಭವಾದದ್ದೇ ಅವನ ಡಿವಿಜನ್ ಮುನ್ನುಗ್ಗಿದಾಗ. ಅದರಡಿಯಲ್ಲಿ ವ್ಯಾನ್ಸ್‌ನ ಹಳೆಯ 26ನೇ ರೆಜಿಮೆಂಟು ಇತ್ತು. ಸುಮಾರು 800 ಮಂದಿಯಲ್ಲಿ 580ಕ್ಕೂ ಹೆಚ್ಚು ಜನ ಸತ್ತು, ಗಾಯಗೊಂಡು ಇಲ್ಲವೇ ಕಾಣೆಯಾಗಿ ಅದು ಅಲ್ಲಿ ಹೆಚ್ಚುಕಡಿಮೆ ಅಳಿದುಹೋಯಿತು.

ಕಾನೂನಿನ ದನಿ ಯಾರಿಗೆ ಕೇಳಿಸಿತು

ಯುದ್ಧದ ನಂತರ ವ್ಯಾನ್ಸ್ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ ಮಾತೊಂದಿದೆ. ನಾರ್ತ್ ಕ್ಯಾರೊಲೈನಾದಲ್ಲಿ ಫಿರಂಗಿಯ ಮೊರೆತದ ನಡುವೆಯೂ ಕಾನೂನಿನ ದನಿ ಕೇಳಿಸುತ್ತಿತ್ತು. ಬಂಧಿಸಿಟ್ಟವರನ್ನು ನ್ಯಾಯಾಲಯದ ಮುಂದೆ ತರುವಂತೆ ಮಾಡುವ ಹೇಬಿಯಸ್ ಕಾರ್ಪಸ್ ರಿಟ್ ಆಗಲಿ, ಜ್ಯೂರಿ ವಿಚಾರಣೆಯಾಗಲಿ ಯಾರಿಗೂ ನಿರಾಕರಣೆಯಾಗಲಿಲ್ಲ. ಈ ಮಾತಿಗೆ ಆಧಾರವಿದೆ. ರಾಜ್ಯದ ಮುಖ್ಯ ನ್ಯಾಯಮೂರ್ತಿ ರಿಚ್‌ಮಂಡ್ ಪಿಯರ್ಸನ್ ಬಲವಂತದ ಸೇರ್ಪಡೆಗೆ ಒಳಗಾದವರನ್ನು ರಿಟ್ ಮೂಲಕ ಬಿಡುಗಡೆ ಮಾಡುತ್ತಿದ್ದಾಗ ವ್ಯಾನ್ಸ್ ನ್ಯಾಯಾಲಯದ ಬೆನ್ನಿಗೆ ನಿಂತ, ಕಾನ್ಫೆಡರೇಟ್ ಅಧ್ಯಕ್ಷ ಜೆಫರ್ಸನ್ ಡೇವಿಸ್‌ನೊಡನೆ ಪತ್ರಗಳಲ್ಲಿ ಜಗಳವಾಡಿದ. ಕಾನ್ಫೆಡರಸಿಯ ಗವರ್ನರ್‌ಗಳಲ್ಲಿ ಇಷ್ಟು ಮಾಡಿದವರು ವಿರಳ.

ಆದರೆ ‘ಯಾರಿಗೂ’ ಎಂಬ ಆ ಪದವನ್ನು ಲಾರೆಲ್‌ನ ಹದಿಮೂರು ಸಮಾಧಿಗಳ ಮುಂದೆ ನಿಂತು ಹೇಳಲು ಬರುವುದಿಲ್ಲ. ಅದಕ್ಕಿಂತ ದೊಡ್ಡ ಲೆಕ್ಕವೂ ಇದೆ. 1860ರ ಜನಗಣತಿಯ ಪ್ರಕಾರ ರಾಜ್ಯದ ಸುಮಾರು 9,92,000 ಜನರಲ್ಲಿ 3,31,000 ಮಂದಿ ಗುಲಾಮರು. ಮೂವರಲ್ಲಿ ಒಬ್ಬರು. ವ್ಯಾನ್ಸ್‌ನ ಮನೆಯಲ್ಲೂ ಗುಲಾಮರಿದ್ದರು. ಅವರಲ್ಲಿ ಯಾರನ್ನಾದರೂ ಥಳಿಸಿದರೆ ಹೆಸರು, ವಯಸ್ಸು ಬರೆದುಕೊಳ್ಳಲು ಯಾವ ಸರ್ಕಾರಿ ವಕೀಲನೂ ಹೋಗುತ್ತಿರಲಿಲ್ಲ. ವಿಚಾರಣೆಯಿಲ್ಲದ ಶಿಕ್ಷೆ ಕಂಡು ರೋಸಿಹೋದ ಮನುಷ್ಯನಿಗೆ ಅದೇ ಶಿಕ್ಷೆಯ ಮೇಲೆ ನಿಂತಿದ್ದ ತನ್ನ ಮನೆ ಕಾಣಿಸಲಿಲ್ಲ. ಕಾಣಿಸಲಿಲ್ಲವೋ, ನೋಡಲು ಒಪ್ಪಲಿಲ್ಲವೋ. ಯುದ್ಧದ ನಂತರವೂ ಬಿಳಿಯರ ಮೇಲುಗೈಯ ರಾಜಕಾರಣವನ್ನೇ ಅವನು ಮುನ್ನಡೆಸಿದ. ಆಶ್‌ವಿಲ್‌ನ ನಡುಮಧ್ಯೆ 1890ರ ದಶಕದಲ್ಲಿ ಅವನ ನೆನಪಿಗೆ ಎತ್ತಿದ್ದ ಕಲ್ಲಿನ ಸ್ತಂಭವನ್ನು 2021ರಲ್ಲಿ ಬಿಚ್ಚಲಾರಂಭಿಸಿದ್ದು ಈ ಕಾರಣಕ್ಕೆ. ಅವನ ಒಳ್ಳೆಯ ಪತ್ರವನ್ನು ಒಳ್ಳೆಯದೆಂದು ಹೇಳಲು ಈ ಸತ್ಯವನ್ನು ಬದಿಗಿಡಬೇಕಾಗಿಲ್ಲ.

1865ರ ಮೇ 13ರಂದು, ತನ್ನ 35ನೇ ಹುಟ್ಟುಹಬ್ಬದ ದಿನ, ವ್ಯಾನ್ಸ್‌ನನ್ನು ಒಕ್ಕೂಟದ ಸೈನಿಕರು ಸ್ಟೇಟ್ಸ್‌ವಿಲ್‌ನಲ್ಲಿ ಬಂಧಿಸಿ ವಾಷಿಂಗ್ಟನ್‌ನ ಓಲ್ಡ್ ಕ್ಯಾಪಿಟಲ್ ಸೆರೆಮನೆಗೆ ಒಯ್ದರು. ವಿಚಾರಣೆ ನಡೆಯಲಿಲ್ಲ. ಜುಲೈನಲ್ಲಿ ಬಿಟ್ಟರು. ಷಾರ್ಲಟ್‌ನಲ್ಲಿ ಮತ್ತೆ ವಕೀಲಿಗೆ ಕುಳಿತ. 1872ರಲ್ಲಿ ಸೆನೆಟ್ ಸ್ಥಾನಕ್ಕೆ ನಿಂತಾಗ ರಿಪಬ್ಲಿಕನ್ನರ ಬೆಂಬಲ ಪಡೆದು ಅವನನ್ನು ಸೋಲಿಸಿದವನು ಬೇರಾರೂ ಅಲ್ಲ, ಆ ಪಟ್ಟಿ ಬರೆದ ಮೆರಿಮನ್. 1876ರಲ್ಲಿ ವ್ಯಾನ್ಸ್ ಮತ್ತೆ ಗವರ್ನರ್ ಆದ, 1879ರಲ್ಲಿ ಮೆರಿಮನ್‌ನ ಸೆನೆಟ್ ಸ್ಥಾನವನ್ನು ತಾನು ಪಡೆದು 1894ರಲ್ಲಿ ಸಾಯುವವರೆಗೂ ಉಳಿಸಿಕೊಂಡ. ಮೆರಿಮನ್ ರಾಜ್ಯದ ಮುಖ್ಯ ನ್ಯಾಯಮೂರ್ತಿಯಾದ.

ಕೀತ್ ಏನಾದ

ಯುದ್ಧ ಮುಗಿದ ಮೇಲೆ ಕೀತ್ ಸಿಕ್ಕಿಬಿದ್ದ. ಆಶ್‌ವಿಲ್‌ನ ಜೈಲಿನಲ್ಲಿ ಬಹುಕಾಲ ಕಳೆದ. ಲಾರೆಲ್ ಕೊಲೆಗಳಿಗೆ ನ್ಯಾಯ ಸಿಗುವ ಕಾಲ ಬಂತು ಎನ್ನುವಷ್ಟರಲ್ಲಿ ಅಡ್ಡ ಬಂದದ್ದು ಕಾನೂನೇ. 1866ರ ಡಿಸೆಂಬರ್‌ನಲ್ಲಿ ರಾಜ್ಯ ಶಾಸನಸಭೆ ಕ್ಷಮಾದಾನ ಕಾಯ್ದೆ ಮಾಡಿತ್ತು: ಯುದ್ಧಕಾಲದಲ್ಲಿ ಕರ್ತವ್ಯದ ಮೇಲೆ ಎರಡೂ ಕಡೆಯ ಸೈನಿಕರು ಮಾಡಿದ ಅಪರಾಧಗಳಿಗೆ ಮಾಫಿ. 1868ರಲ್ಲಿ, ಆಡಳಿತ ಬದಲಾದಾಗ, ಆ ಮಾಫಿಯನ್ನು ಹಿಂತೆಗೆದುಕೊಂಡರು. ಒಮ್ಮೆ ಕೊಟ್ಟ ಮಾಫಿಯನ್ನು ಕಿತ್ತುಕೊಳ್ಳಬಹುದೇ ಎಂಬ ಪ್ರಶ್ನೆ ರಾಜ್ಯದ ಸುಪ್ರೀಂ ಕೋರ್ಟಿಗೆ ಹೋಯಿತು. 1869ರಲ್ಲಿ ‘ಸ್ಟೇಟ್ ವಿರುದ್ಧ ಕೀತ್’ ಪ್ರಕರಣದಲ್ಲಿ ನ್ಯಾಯಾಲಯ ಹೇಳಿತು: ಕಿತ್ತುಕೊಳ್ಳುವಂತಿಲ್ಲ, ಅದು ಪೂರ್ವಾನ್ವಯವಾಗಿ, ಅಂದರೆ ಆಗಿಹೋದ ಕೃತ್ಯಕ್ಕೆ ಹಿಂದಿನಿಂದ ಕಾನೂನು ಮಾಡಿ, ಅಪರಾಧ ಸೃಷ್ಟಿಸಿದಂತೆ. ನಮ್ಮ ಸಂವಿಧಾನದ 20ನೇ ವಿಧಿ ಕೊಡುವ ರಕ್ಷಣೆಯ ಮೂಲದಲ್ಲಿರುವುದೂ ಇದೇ ತತ್ವ. ಓದುವಾಗ ಮನಸ್ಸು ಒಪ್ಪುವುದಿಲ್ಲ, ತರ್ಕ ಒಪ್ಪುತ್ತದೆ. ಇಂದು ಕೀತ್‌ನಿಂದ ಮಾಫಿ ಕಿತ್ತುಕೊಂಡ ಸರ್ಕಾರ ನಾಳೆ ಯಾರಿಂದ ಬೇಕಾದರೂ ಕಿತ್ತುಕೊಳ್ಳಬಲ್ಲದು.

ಅದೇ ವರ್ಷದ ಫೆಬ್ರುವರಿಯಲ್ಲಿ ಕೀತ್ ಜೈಲಿನಿಂದ ತಪ್ಪಿಸಿಕೊಂಡು ಹೋದ. ಲಾರೆಲ್‌ನ ಹತ್ಯೆಗಳಿಗಾಗಿ ಅವನಿಗೆ ಶಿಕ್ಷೆ ಆಗಲೇ ಇಲ್ಲ.

ಆ ತೀರ್ಪು ಮಾತ್ರ ಉಳಿದುಕೊಂಡಿತು. 2003ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ‘ಸ್ಟಾಗ್ನರ್ ವಿರುದ್ಧ ಕ್ಯಾಲಿಫೋರ್ನಿಯಾ’ ಪ್ರಕರಣದಲ್ಲಿ, ಕಾಲಮಿತಿ ಮೀರಿದ ಅಪರಾಧಕ್ಕೆ ಹೊಸ ಕಾಯ್ದೆಯಿಂದ ಮೊಕದ್ದಮೆ ಹೂಡುವಂತಿಲ್ಲ ಎಂದು ಹೇಳುವಾಗ ಅದನ್ನು ಉಲ್ಲೇಖಿಸಿತು. ಅಡಿಟಿಪ್ಪಣಿಗಳನ್ನು ಓದುವ ವಕೀಲರಿಗೆ ಕೀತ್‌ನ ಹೆಸರು ಗೊತ್ತು. ಹದಿಮೂರು ಹೆಸರುಗಳು ಇರುವುದು ಮೆರಿಮನ್‌ನ ಪತ್ರದಲ್ಲಿ. ಅವುಗಳಲ್ಲಿ ಹದಿಮೂರು ವರ್ಷದ ಡೇವಿಡ್‌ನ ಹೆಸರಿನ ಬಳಿ, ಅವನು ಲೂಟಿಯಲ್ಲಿ ಇರಲಿಲ್ಲ ಎಂದು ಬರೆದಿದೆ.